ಹೆಗಲೊಳಗಿನ ಹತ್ತಿ

ಆ ಬೀದಿಗಳಲ್ಲಿ ಅಂಚೆಯವನನ್ನು ಎಲ್ಲರೂ ಕಂಬ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಎಡ ಹೆಗಲಿಗೇ ಚೀಲ ನೇತುಹಾಕಿ ಅಲೆದರೂ ಆಳು ನೆಟ್ಟಗೆ ನಿಂತ ಹಾಗೇ ಕಾಣುತ್ತಿದ್ದ. ಅದರ ಗುಟ್ಟು ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ದರ್ಜಿ. ಯಾರದಾದರೂ ಹೆಗಲು ಇಳಿದಿದ್ದರೆ ಅಂಗಿಯೊಳಗೆ ಹತ್ತಿ ಇಟ್ಟು ಹೊಲಿದು ಸಮ ಮಾಡುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಅದು ಆ ಕಸುಬಿನ ಮರ್ಯಾದೆ. ಗಂಡನಿಗೂ ಅದನ್ನೇ ಮಾಡುತ್ತ ಬಂದಿದ್ದಳು, ಅವನಿಗೂ ಹೇಳದೆ.

ಈಗ ಅವನು ಬೆನ್ನಿನ ಡಾಕ್ಟರ ಕೋಣೆಯಲ್ಲಿ ಅಂಗಿ ಬಿಚ್ಚಿ ಕೂತಿದ್ದ. ಮಾತ್ರೆ, ಸೂಜಿ ಇಲ್ಲದೆ ಬರಿಗೈಯಲ್ಲೇ ಕೀಲು ಸರಿಪಡಿಸುವ ಡಾಕ್ಟರು ಅವರು. ವಯಸ್ಸಿನಲ್ಲಿ ಇವರ ಮಗಳಂತಿದ್ದರು. ಅಂಚೆಯವನ ಜೊತೆಗಾರನೊಬ್ಬನಿಗೆ ಹಿಡಿದುಕೊಂಡಿದ್ದ ಕತ್ತು ಇಲ್ಲಿ ಒಂದೇ ನೆಟಿಕೆಗೆ ಬಿಟ್ಟಿತ್ತಂತೆ. ಇವನಿಗೂ ಆ ಒಂದು ನೆಟಿಕೆ ಬೇಕಿತ್ತು.

"ಎಡ ಹೆಗಲು ಇಷ್ಟು ಇಳಿದಿದೆಯಲ್ಲ ಯಜಮಾನ್ರೇ, ಯಾವಾಗಿಂದ?"

"ಇಳಿದಿದ್ಯಾ? ಚೀಲ ಹೊರೋ ಹೆಗಲು ಅಲ್ವೇನಮ್ಮಾ, ಮೊದಲಿಂದ್ಲೂ ಹೀಗೇ ಇರ್ಬೇಕು."

"ಈಚೆಗೆ ಜಾಸ್ತಿ ಆಗಿಲ್ಲ ತಾನೇ? ಕೈಯಿಂದ ಏನಾದ್ರೂ ಜಾರೋದು, ಕಾಲು ತಡವರಿಸೋದು?"

"ಏನೂ ಇಲ್ಲ. ಕತ್ತೊಂದು ಲಟಕ್ ಅನ್ನಿಸ್ಬಿಡಿ, ನಾಳೆ ಕೆಲಸಕ್ಕೆ ಹೋಗ್ಬೇಕು."

ಗೋಡೆಯ ಪಕ್ಕ ಕೂತಿದ್ದ ಹೆಂಡತಿ ಮಡಿಲಲ್ಲಿದ್ದ ಅವನ ಅಂಗಿಯನ್ನು ಹಿಂಡಿದಳು. ಎರಡು ತಿಂಗಳಿಂದ ಅವನು ಬೆಳಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ಗುಂಡಿಗಳ ಜೊತೆ ಒದ್ದಾಡುವುದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿರುವುದು ಅವನಿಗೆ ಗೊತ್ತಿರಲಿಲ್ಲ.

ಡಾಕ್ಟರು ತಮ್ಮ ಬೆರಳು ಕೊಟ್ಟು, ಎಡಗೈಯಲ್ಲಿ ಹಿಡಿದು ಒತ್ತಿ ಎಂದರು. ಅವನು ಹಲ್ಲು ಕಚ್ಚಿ ಇದ್ದಬದ್ದ ಬಲವನ್ನೆಲ್ಲ ಹಾಕಿ ಒತ್ತಿದ. ಅವರು ಕ್ಷಣ ಯೋಚಿಸಿ ಅವನನ್ನು ಮಲಗಿಸಿದರು. ತಲೆಯ ಕೆಳಗೆ ಎರಡೂ ಕೈ ಇಟ್ಟು ಕತ್ತಿನ ಒಂದೊಂದೇ ಕೀಲನ್ನು ಬೆರಳಿನಿಂದ ತಡವಿದರು. ತಲೆ ಮೆಲ್ಲಗೆ ಬಲಕ್ಕೆ ವಾಲಿತು.

"ಮೈ ಸಡಿಲ ಬಿಡಿ. ಉಸಿರು ಬಿಡಿ."

"ಸ್ವಲ್ಪ ತಾಳಿ," ಎಂದಳು ಹೆಂಡತಿ.

"ಸುಮ್ನಿರೇ. ಇದೇನು ನಿನ್ನ ಅಳತೆ ತಗೊಳ್ಳೋ ಅಂಗಡೀನಾ?" ಕಣ್ಣು ಮುಚ್ಚಿಕೊಂಡೇ ಗದರಿದ.

ಅವಳು ಎದ್ದು ಬಂದಳು. ಅಂಗಿಯ ಎಡ ಹೆಗಲಿನ ಹೊಲಿಗೆಯನ್ನು ಹಲ್ಲಿನಿಂದ ಕಿತ್ತು, ಒಳಗಿನ ಹತ್ತಿಯನ್ನು ಎಳೆದು ಅವನ ಎದೆಯ ಮೇಲಿಟ್ಟಳು.

"ಹತ್ತು ವರ್ಷ ಅರ್ಧ ಬೆರಳು ದಪ್ಪ ಇಡ್ತಿದ್ದೆ, ಡಾಕ್ಟ್ರೇ. ಇದು ಹೋದ ತಿಂಗಳು ಹೊಲಿದ ಅಂಗಿ. ಎರಡು ಬೆರಳು ಇಟ್ಟೆ. ಆಗಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಡಾಕ್ಟರು ತಲೆಯನ್ನು ನೇರ ಮಾಡಿ ಮೆಲ್ಲಗೆ ಕೈ ತೆಗೆದರು. ಅವನನ್ನು ಎಬ್ಬಿಸಿ ಕೂರಿಸಿ, "ಅಂಗಿ ಹಾಕ್ಕೊಂಡು ಗುಂಡಿ ಹಾಕಿ ನೋಡೋಣ," ಎಂದರು.

ಅವನು ಹೆಂಡತಿಯನ್ನು ದುರುಗುಟ್ಟಿ ನೋಡಿದ. ಎಡಗೈ ಮೊದಲ ಗುಂಡಿ ಹಿಡಿಯಿತು. ಜಾರಿತು. ಮತ್ತೆ ಹಿಡಿಯಿತು, ಮತ್ತೆ ಜಾರಿತು. ಹಣೆಯ ಬೆವರು ಮೂಗಿನ ತುದಿಗಿಳಿಯಿತು.

"ಸಾಕು ಬಿಡಿ," ಎಂದರು ಡಾಕ್ಟರು. "ಈ ಕತ್ತನ್ನ ನಾನು ತಿರುಗಿಸಲ್ಲ. ಒಳಗೆ ನರ ಅಮುಕಿಕೊಂಡಿದ್ರೆ, ನೆಟಿಕೆ ಮುರಿಯೋಕೆ ಹೋಗಿ ಕೈಯೇ ಹೋಗ್ಬಹುದು. ಚೀಟಿ ಬರ್ಕೊಡ್ತೀನಿ, ಇಲ್ಲಿಂದ ನೆಟ್ಟಗೆ ದೊಡ್ಡಾಸ್ಪತ್ರೆಗೆ ಹೋಗಿ. ಚೀಲ ಮಾತ್ರ ಮುಟ್ಟಬೇಡಿ, ಎಡಕ್ಕೂ ಬೇಡ, ಬಲಕ್ಕೂ ಬೇಡ."

ಅವರು ಬರೆಯಲು ಮೇಜಿನ ಕಡೆ ಹೋದರು.

"ಹತ್ತು ವರ್ಷ," ಎಂದ ಅವನು. "ಊರೆಲ್ಲ ಕಂಬ ಅಂದಿದ್ದು ನಿನ್ನ ಹತ್ತೀನಾ?"

"ನೀವು ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡಿದ್ರಲ್ಲ, ಅದಕ್ಕೂ ಇದಕ್ಕೂ ಸರಿಹೋಯ್ತು ಬಿಡಿ."

ಅವನು ಗುಂಡಿಗಳನ್ನು ನೋಡಿದ. ಆಮೇಲೆ ಕೈ ಇಳಿಬಿಟ್ಟು ಗದ್ದ ಎತ್ತಿದ.

"ಹಾಕು."

ಅವಳು ಒಂದೊಂದಾಗಿ ಹಾಕಿದಳು. ಹತ್ತಿ ಇಲ್ಲದ ಎಡ ಹೆಗಲು ಜೋತು, ಬಟ್ಟೆ ಸುಕ್ಕುಗಟ್ಟಿ ಇಳಿಯಿತು. ಅವನು ಅದನ್ನು ಎಳೆದು ಸರಿ ಮಾಡಿಕೊಳ್ಳದೆ, ಚೀಟಿ ಇಸಿದುಕೊಂಡು ಹಾಗೇ ಬೀದಿಗಿಳಿದ.