ಉದ್ದಕ್ಕೆ ಸೀಳಿದ ಬಕೆಟ್

ತಾನು ಕಾಯಿ ಒಡೆಯುವುದಿಲ್ಲ ಎಂದು ಶಾಂತಿ ಹೇಳಿದಾಗ ಊದುಬತ್ತಿ ಆಗಲೇ ಅರ್ಧ ಉರಿದಿತ್ತು. ತಾಂಡ್ಯ ಕೈಗಾರಿಕಾ ಪ್ರದೇಶದ ಆ ಬಕೆಟ್ ಕಾರ್ಖಾನೆಯಲ್ಲಿ ಮಾಲು ಕೆಡಿಸಿದವರು ಶುಕ್ರವಾರದ ಪೂಜೆಯಲ್ಲಿ ಎಲ್ಲರೆದುರು ಮಿಷನ್ನಿಗೆ ತಪ್ಪುಕಾಯಿ ಒಡೆಯಬೇಕು. ಮಾಲೀಕ ಸೋಮಶೇಖರ್ ಅವರ ಅಪ್ಪನ ಕಾಲದ ಪದ್ಧತಿ. ಒಡೆದರೆ ಮುಗಿಯಿತು, ಆಮೇಲೆ ಯಾರೂ ಆ ಮಾತೆತ್ತುವುದಿಲ್ಲ. ಹಿಂದೊಮ್ಮೆ ಬಣ್ಣ ಹೆಚ್ಚು ಸುರಿದು ಮಗ್ಗುಗಳನ್ನು ಕೆಡಿಸಿದಾಗ ಶಾಂತಿಯೂ ನಗುನಗುತ್ತಲೇ ಒಡೆದಿದ್ದಳು.

ಈ ಸಲದ್ದು ಬೇರೆ. ತಿ. ನರಸೀಪುರದ ಅಂಗಡಿಗಳಿಗೆ ಹೋದ ಬಕೆಟ್ಟುಗಳು ನೀರು ತುಂಬಿ ಎತ್ತಿದರೆ ತಳದಿಂದ ಬಾಯಿವರೆಗೆ ಸೀಳಿ, ವಾಪಸು ಬಂದಿದ್ದವು. ಶಾಂತಿ ಹಳೇ ಪ್ಲಾಸ್ಟಿಕ್ ಚೂರು ಬೆರೆಸಿ ಕರಗಿಸಲು ಕೊಟ್ಟ ಹೊಸ ಪ್ಲಾಸ್ಟಿಕ್ ಕಾಳು ಹೊರಗೆ ಮಾರಿಕೊಂಡಿದ್ದಾಳೆ ಎಂದು ಸೋಮಶೇಖರ್ ಎಲ್ಲರೆದುರೇ ಅಂದುಬಿಟ್ಟಿದ್ದರು. ಅವಳ ಊರು ನರಸೀಪುರದ ಪಕ್ಕವೇ. ಆ ಮಾತು ಅವಳಿಗಿಂತ ಮೊದಲೇ ಬಸ್ಸು ಹತ್ತಿ ಊರು ಸೇರಿತ್ತು. ಒಡೆದುಬಿಡು, ಕೆಲಸವಾದರೂ ಉಳಿಯಲಿ ಎಂದಳು ಅತ್ತೆ ಜವರಮ್ಮ. ಕಳ್ಳಿ ಅನ್ನೋ ಹೆಸರೂ ಉಳಿಯುತ್ತೆ ಎಂದು ಶಾಂತಿ ತಟ್ಟೆ ಬಿಟ್ಟು ಎದ್ದಿದ್ದಳು.

ಡಿಪ್ಲೊಮಾ ಮುಗಿಸಿ ಹೊಸದಾಗಿ ಸೇರಿದ್ದ ನಂಜನಗೂಡಿನ ಹುಡುಗಿ ಬಿಂದುಶ್ರೀ, ಸೀಳಿದ ಬಕೆಟ್ಟೊಂದನ್ನು ಹಿಡಿದು ತಿರುಗಿಸಿ ನೋಡಿದ್ದಳು.

"ಕೆರೇಲಿ ಹುಲ್ಲು ಹೆಂಗ್ ಬೇಕೋ ಹಂಗೆ ತೇಲುತ್ತಲ್ವಾ ಶಾಂತಕ್ಕ? ಅದೇ ತೂಬಲ್ಲಿ ನುಗ್ಗೋವಾಗ ಎಲ್ಲ ಉದ್ದಕ್ಕೆ ಮಲಗುತ್ತೆ. ಪ್ಲಾಸ್ಟಿಕ್ ಒಳಗಿನ ಎಳೆಗಳೂ ಹಂಗೇ."

ಕರಗಿದ ಮಾಲನ್ನು ಜೋರಾಗಿ ನುಗ್ಗಿಸಿ, ಅಚ್ಚನ್ನೂ ತಣ್ಣಗಿಟ್ಟರೆ, ಹಾಗೆ ನೆಟ್ಟಗಾದ ಎಳೆಗಳಿಗೆ ಮತ್ತೆ ಸುರುಳಿಯಾಗಲು ಬಿಡುವೇ ಸಿಗುವುದಿಲ್ಲ. ಒಂದರ ಪಕ್ಕ ಒಂದು ಸಾಲಾಗಿ ಕೂತು, ಸುಮ್ಮನೆ ನಿಂತ ಮಾಲಿಗಿಂತ ಬಲು ಬೇಗ ಹರಳುಗಟ್ಟಿಬಿಡುತ್ತವೆ. ಆಗ ಬಕೆಟ್ಟು ಉದ್ದಕ್ಕೆ ಗಟ್ಟಿ, ಆದರೆ ಅಡ್ಡಕ್ಕೆ ಜಗ್ಗಿದರೆ ಸೌದೆಯಂತೆ ಸೀಳುತ್ತದೆ. ದಸರೆಗೆ ಮುಂಚೆ ಮಾಲು ಬೇಕೆಂದು ವೇಗ ಏರಿಸಿ, ಅಚ್ಚಿಗೆ ತಣ್ಣೀರು ಹೆಚ್ಚು ಬಿಡಿಸಿದವರು ಸೋಮಶೇಖರರೇ.

ಈಗ ಪೂಜೆಯೆದುರು ಅವರು ಮೆತ್ತಗೆ ಹೇಳಿದರು. "ಒಂದು ಕಾಯಿ ತಾನೆ ಶಾಂತಿ. ಒಡೆದು ಕೆಲಸ ಶುರು ಮಾಡು."

"ಬಣ್ಣ ಕೆಡಿಸ್ದಾಗ ಒಡ್ದೆ ಸಾ. ಇದು ನಾ ಮಾಡಿದ್ದಲ್ಲ."

"ಹಂಗಾದ್ರೆ ಗೇಟು ಅಲ್ಲಿದೆ."

"ಗೇಟು ದಿನಾ ನೋಡ್ತೀನಿ ಸಾ. ಒಂದೇ ಮೂಟೆ ಕಾಳು, ನಿಮ್ ಕಣ್ಣೆದುರಿಗೇ ಸುರೀತೀನಿ. ನೀವ್ ಹೇಳಿದ್ ವೇಗದಲ್ಲೊಂದು, ಬಿಂದವ್ವ ಹೇಳ್ದಂಗೊಂದು ಬಕೆಟ್ ತಗೀಲಿ. ಎರಡೂ ಸೀಳಿದ್ರೆ ನಾನೇ ಓಯ್ತೀನಿ."

ಬಿಂದುಶ್ರೀ ಮಾಲೀಕರ ಮುಖ ನೋಡಿದಳು. ಅವಳದೂ ಇನ್ನೂ ಕಾಯಂ ಆಗದ ಕೆಲಸ. ಆದರೂ ಹೋಗಿ ಮಿಷನ್ನಿನ ಮುಂದೆ ನಿಂತಳು.

ಮೊದಲ ಬಕೆಟ್ಟು ನೀರು ತುಂಬಿ ಕುಕ್ಕಿದ್ದೇ ತಡ, ತಳದಿಂದ ಬಾಯಿವರೆಗೆ ಬಿರಿದು ಎಲ್ಲರ ಕಾಲು ತೋಯಿಸಿತು. ಆಮೇಲೆ ಬಿಂದುಶ್ರೀ ವೇಗ ಇಳಿಸಿ, ಅಚ್ಚು ಬೆಚ್ಚಗಾಗುವವರೆಗೆ ಕಾದು ಎರಡನೆಯದನ್ನು ತೆಗೆದಳು. ಶಾಂತಿ ಅದನ್ನು ತುಂಬಿ ಕುಕ್ಕಿದಳು, ಮತ್ತೆ ಕುಕ್ಕಿದಳು. ನೀರು ತುಳುಕಿತೇ ಹೊರತು ಬಕೆಟ್ಟು ಬಿರಿಯಲಿಲ್ಲ.

ಸರಿ, ಇನ್ನು ಮೇಲೆ ಹೀಗೇ ನಡೆಸಿ ಎಂದು ಸೋಮಶೇಖರ್ ಸ್ಕೂಟರಿನ ಕಡೆ ತಿರುಗಿದರು. ಶಾಂತಿ ಸ್ಟೂಲಿನ ಮೇಲೆ ಕೂತಳು, ಸ್ವಿಚ್ಚು ಮುಟ್ಟಲಿಲ್ಲ.

"ಕಳ್ಳಿ ಅಂದಿದ್ದು ಎಲ್ಲರ ಮುಂದೆ ಸಾ. ಅಲ್ಲ ಅನ್ನೋದೂ ಎಲ್ಲರ ಮುಂದೇನೇ ಆಗ್ಲಿ."

ತಮಗೆ ಹೊರಗೆ ಕೆಲಸವಿದೆ, ಬಂದ ಮೇಲೆ ನೋಡೋಣ ಎಂದರು ಅವರು.

"ಓಗ್ಬನ್ನಿ. ಬರೋಗಂಟ ಕುಂತಿರ್ತೀನಿ."

ಪಕ್ಕದ ಮಿಷನ್ನಿನ ಮಂಚಮ್ಮ ತನ್ನ ಸ್ವಿಚ್ಚನ್ನೂ ಆರಿಸಿ, ಒದ್ದೆ ಸೆರಗು ಹಿಂಡಿಕೊಂಡು, ಶಾಂತಿಯ ಪಕ್ಕ ಬಂದು ಕೂತಳು.