ಡಬ್ಬಿ ದೊಡ್ಡವನಿಗೆ, ಗಾಜು ಚಿಕ್ಕವನಿಗೆ

ತರೀಕೆರೆಯಿಂದ ತಮ್ಮನ ಮಗಳ ಮದುವೆ ಪತ್ರಿಕೆ ಬಂದ ದಿನವೇ ರುದ್ರಮೂರ್ತಿ ಅಪ್ಪನ ಕ್ಯಾಮೆರಾವನ್ನು ಮಾರಿಬಿಡುವುದೆಂದು ತೀರ್ಮಾನಿಸಿದ. ಪತ್ರಿಕೆ ತಂದವನ ಕೈಲಿ ತಮ್ಮ ಶಿವಕುಮಾರ ಒಂದು ಮಾತೂ ಹೇಳಿ ಕಳಿಸಿದ್ದ. ಮಂಟಪದಲ್ಲಿ ಅಪ್ಪನ ಫೋಟೋ ಪಕ್ಕ ಅಪ್ಪನ ಕ್ಯಾಮೆರಾ ಇಡೋಣ, ಲೆನ್ಸ್ ನನ್ನ ಹತ್ತಿರ ಇದೆ, ಅಣ್ಣ ಡಬ್ಬಿ ತರಲಿ ಅಂತ.

“ತರ್ತೀನಿ, ತರ್ತೀನಿ! ತಂದು ಅವನ ತಲೆ ಮೇಲೆ ಕುಕ್ತೀನಿ” ಎಂದು ರುದ್ರಮೂರ್ತಿ ಅಂಗಳದಲ್ಲಿ ನಿಂತು ಕೂಗಿದ್ದು ಅಜ್ಜಂಪುರದ ಅರ್ಧ ಬೀದಿಗೆ ಕೇಳಿಸಿತು. ಬೀದಿಯವರೇನೂ ತಲೆ ಎತ್ತಿ ನೋಡಲಿಲ್ಲ. ಅವರಿಗೆ ಇದು ಇಪ್ಪತ್ತೆರಡು ವರ್ಷದ ಪಾಠ, ಬಾಯಿಪಾಠವೇ ಆಗಿಹೋಗಿತ್ತು.

ಆಗಿದ್ದು ಇಷ್ಟು. ಅಪ್ಪ ನಂಜುಂಡಪ್ಪ ಬಸ್ ನಿಲ್ದಾಣದ ಎದುರು ಸ್ಟುಡಿಯೋ ನಡೆಸುತ್ತಿದ್ದ. ರಷ್ಯಾದ ಒಂದು ರೀಲ್ ಕ್ಯಾಮೆರಾ, ಅದಕ್ಕೆ ಒಂದು ಲೆನ್ಸ್, ಅಷ್ಟೇ ಬಂಡವಾಳ. ಅವನು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಿಗೆ ಕೂತರು. ತೆಂಗಿನ ತೋಟ ಮರ ಎಣಿಸಿ ಹಂಚಿಹೋಯಿತು, ಹಿತ್ತಾಳೆ ಪಾತ್ರೆ ತೂಕ ಹಾಕಿ ಹಂಚಿಹೋಯಿತು. ಕೊನೆಗೆ ಕ್ಯಾಮೆರಾ ಬಂತು. ಇಬ್ಬರೂ ನನಗೇ ಬೇಕು ಎಂದು ಹಟಕ್ಕೆ ಬಿದ್ದರು. ಪಂಚಾಯ್ತಿಗೆ ಕೂತಿದ್ದ ಹಿರಿಯ ಓಬಳಪ್ಪ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದ. ಲೆನ್ಸ್ ಹಿಡಿದು ತಿರುವಿದ, ಮುಚ್ಚಳದ ಹಾಗೆ ಕೈಗೆ ಬಂತು. ಮುದುಕನಿಗೆ ಖುಷಿಯೋ ಖುಷಿ. “ನೋಡ್ರಪ್ಪಾ, ಡಬ್ಬಿ ದೊಡ್ಡೋನಿಗೆ, ಗಾಜು ಚಿಕ್ಕೋನಿಗೆ. ಇಬ್ರಿಗೂ ಸರಿಸಮ” ಎಂದುಬಿಟ್ಟ. ಕೂತವರೆಲ್ಲ ತಲೆದೂಗಿದರು. ತಿಂಗಳೊಳಗೆ ತಮ್ಮ ಬಂದು ಕಾಲಿಗೆ ಬೀಳುತ್ತಾನೆ ಎಂದುಕೊಂಡು ಅಣ್ಣ ಸುಮ್ಮನಿದ್ದ. ಅಣ್ಣ ಬರುತ್ತಾನೆ ಎಂದುಕೊಂಡು ತಮ್ಮನೂ ಸುಮ್ಮನಿದ್ದ.

ಯಾರೂ ಬರಲಿಲ್ಲ. ಸ್ಟುಡಿಯೋ ಬಾಗಿಲು ಹಾಕಿತು. ಸ್ಟುಡಿಯೋ ನಡೆಸಬೇಕು, ಅಪ್ಪನ ಹಾಗೆ ನಾಲ್ಕು ಜನರಿಂದ ಫೋಟೋ ಮೂರ್ತಣ್ಣ ಎನ್ನಿಸಿಕೊಳ್ಳಬೇಕು ಎಂಬುದೊಂದೇ ರುದ್ರಮೂರ್ತಿಯ ಆಸೆಯಾಗಿತ್ತು. ಹೊಸ ಕ್ಯಾಮೆರಾ ಕೊಳ್ಳುವ ತಾಕತ್ತು ಅವನಿಗೆ ಇರಲಿಲ್ಲ. ಬೇರೆ ಲೆನ್ಸ್ ಸಿಗುತ್ತದೇನೋ ಕೇಳೋಣ ಎಂದರೆ, ಊರಿನವರು ಕ್ಯಾಮೆರಾವನ್ನೇ ಪಾಲು ಮಾಡಿದರು ಎಂದು ಪರವೂರಿನ ಅಂಗಡಿಯವನ ಮುಂದೆ ಹೇಳಿಕೊಳ್ಳಬೇಕು. ಛೆ, ಮಾನ ಮರ್ಯಾದೆ ಇರುವವನು ಹೇಳಿಕೊಳ್ಳುವ ಮಾತೇ ಅದು? ಅವನು ಕೇಳಲಿಲ್ಲ. ತೋಟಕ್ಕೆ ನೀರು ಬಿಟ್ಟುಕೊಂಡು, ತೆಂಗಿನಕಾಯಿ ಮಾರಿಕೊಂಡು, ನನ್ನ ಬಾಳು ತಿಂದುಹಾಕಿದ ಎಂದು ತಮ್ಮನನ್ನು ಮೂರು ಹೊತ್ತೂ ಬೈದುಕೊಂಡು ಬದುಕಿದ.

ಮೊಬೈಲ್ ಅಂಗಡಿ ಹೊನ್ನೇಶ್ ಕ್ಯಾಮೆರಾದ ಫೋಟೋ ತೆಗೆದು, ಮಾರಾಟಕ್ಕಿದೆ ಎಂದು ಬೆಲೆ ಸಮೇತ ಫೋನಿನಲ್ಲಿ ಹಾಕಿದ ನಾಲ್ಕನೇ ದಿನ ಕಡೂರಿನಿಂದ ಒಬ್ಬ ಹುಡುಗಿ ಬಂದಳು. ಹೆಸರು ಬೃಂದಾ. ಮದುವೆ ಮನೆಗಳಲ್ಲಿ ಫೋಟೋ ತೆಗೆಯುವ ಕೆಲಸ. ಹುಡುಗಿಯನ್ನು ಕಂಡದ್ದೇ ರುದ್ರಮೂರ್ತಿಗೆ ಮೈ ಉರಿಯಿತು. ತಾನು ಮಾಡಬೇಕಾಗಿದ್ದ ಕೆಲಸವನ್ನು ಇವಳು ಮಾಡುತ್ತಿದ್ದಾಳಲ್ಲ!

“ಇದ್ಯಾಕಮ್ಮ ನಿನಗೆ? ಮೊಬೈಲ್ ಇಲ್ವಾ?”

“ರೀಲ್ ಹಾಕಿ ತೆಗೀಬೇಕು ಅಂತ ಆಸೆ ಅಂಕಲ್. ಜಪಾನಿಂದು ವಿಚಾರಿಸ್ದೆ, ಇದರ ಮೂರರಷ್ಟು ಹೇಳ್ತಾರೆ. ಅದರಲ್ಲಿ ಎಷ್ಟೋ ಕ್ಯಾಮೆರಾಗೆ ಹಾಕೋ ಸೆಲ್ಲೇ ಈಗ ಸಿಗಲ್ಲ. ಇದಕ್ಕೆ ಸೆಲ್ ಬೇಕಾಗೇ ಇಲ್ಲ. ಕೊಡಿ, ನೋಡ್ತೀನಿ.”

ಜಗಲಿಯ ಮೇಲೆ ಬಟ್ಟೆ ಹಾಸಿ ಕೂತವಳು ಅರ್ಧ ಗಂಟೆ ಅಲುಗಾಡಲಿಲ್ಲ. ಹಿಂದಿನ ಬಾಗಿಲು ತೆಗೆದಳು. ಒಳಗಿನ ಕಪ್ಪು ಪರದೆಯನ್ನು ಬಿಸಿಲಿಗೆ ಹಿಡಿದು ತೂತು ಇದೆಯೇ ಎಂದು ಹುಡುಕಿದಳು. ಒಂದೊಂದು ವೇಗಕ್ಕೂ ಗುಂಡಿ ಒತ್ತಿ ಕಿವಿಗೊಟ್ಟು ಕೇಳಿದಳು. ಲೆನ್ಸ್ ಕೂರುವ ತಿರುಪಿನ ತುಂಬ ವಿಭೂತಿ ಮೆತ್ತಿಕೊಂಡಿತ್ತು. ಪ್ರತಿ ಆಯುಧಪೂಜೆಗೂ ರುದ್ರಮೂರ್ತಿ ತಪ್ಪದೆ ಹಚ್ಚುತ್ತಿದ್ದ.

“ದೇವರೇ! ಕ್ಯಾಮೆರಾ ಒಳಗೂ ಬಳಿದಿದ್ದೀರಲ್ಲ” ಎಂದು ಹುಡುಗಿ ಕುಂಚದಿಂದ ಉಜ್ಜತೊಡಗಿದಳು.

“ನಮ್ಮಪ್ಪನ ಕ್ಯಾಮೆರಾ, ನನ್ನಿಷ್ಟ. ಬೇಕಾದ್ರೆ ತಗೋ, ಇಲ್ಲಾಂದ್ರೆ ಬೀರೂರ್ ಬಸ್ ಅಲ್ಲಿ ನಿಂತಿದೆ. ಇನ್ನೊಂದ್ ಮಾತು. ತರೀಕೆರೆ ಕಡೆ ತಲೆ ಹಾಕ್ಬಾರ್ದು. ಇದರ ಲೆನ್ಸ್ ಅಲ್ಲಿ ಶಿವಕುಮಾರ ಅಂತ ಒಬ್ಬ ಕಳ್ಳನ ಹತ್ರ ಇದೆ. ಅದಿಲ್ದೆ ಇದು ಬರೀ ಡಬ್ಬಿ. ನೀನೇನಾದ್ರೂ ಅವನ ಹತ್ರ ಹೋಗಿ ಕೈ ಚಾಚಿದ್ದು ಗೊತ್ತಾಯ್ತೋ, ಕಡೂರಿಗೇ ಬಂದು ಇದನ್ನ ಒಡೆದುಹಾಕ್ತೀನಿ.”

“ಅವ್ರ ಲೆನ್ಸ್ ನನಗ್ಯಾಕೆ ಅಂಕಲ್? ಶಿವಮೊಗ್ಗದಲ್ಲಿ ಹಳೇ ಸಾಮಾನಿನ ಅಂಗಡೀಲಿ ಒಂದು ತಗೊಂಡಿದ್ದೀನಿ. ಜರ್ಮನಿದು.”

ರುದ್ರಮೂರ್ತಿ ಗಹಗಹಿಸಿ ನಕ್ಕ. ಎಷ್ಟೋ ದಿನದ ಮೇಲೆ ನಕ್ಕದ್ದು. “ಲೇ ಕಮಲಾಕ್ಷಿ, ಬಾರೇ ಇಲ್ಲಿ, ಕೇಳು! ರಷ್ಯಾದ ಡಬ್ಬಿಗೆ ಜರ್ಮನಿ ಲೆನ್ಸ್ ಹಾಕ್ತಾಳಂತೆ. ದುಡ್ಡು ದಂಡ ಕಣಮ್ಮ. ನಂದು ಇದೇ ಕಸುಬು, ನನಗೇ ಹೇಳ್ತೀಯಾ?”

ಹೆಂಡತಿ ಕಮಲಾಕ್ಷಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಹುಡುಗಿ ಚೀಲದಿಂದ ಲೆನ್ಸ್ ತೆಗೆದು ತಿರುಪಿಗೆ ಇಟ್ಟು ತಿರುಗಿಸಿದಳು. ಅದು ಸಲೀಸಾಗಿ ನಾಲ್ಕಾರು ಸುತ್ತು ಸುತ್ತಿ ಬಿಗಿಯಾಗಿ ಕೂತಿತು.

ರುದ್ರಮೂರ್ತಿ ಕ್ಯಾಮೆರಾವನ್ನು ಅವಳ ಕೈಯಿಂದ ಕಿತ್ತುಕೊಂಡು ಕಣ್ಣಿಗೆ ಹಿಡಿದ. ಅಂಗಳ ಕಂಡಿತು. ಉಂಗುರ ತಿರುಗಿಸಿದಾಗ ಆಚೆ ಮನೆಯ ಕಿಟಕಿ ಸ್ಪಷ್ಟವಾಗಿ ಕಂಡಿತು.

“ಇದು... ಈಗ ಹೊಸದಾಗಿ ಮಾಡಿರೋದಾ?”

“ಎಲ್ಲಿ ಹೊಸದು ಅಂಕಲ್! ನಾನು ಹುಟ್ಟೋಕೆ ಮೊದಲಿಂದು. ಆಗ ಸುಮಾರು ಕಂಪನಿಯವ್ರು ಇದೇ ಅಳತೆ ತಿರುಪು ಮಾಡ್ತಿದ್ರು. ಯಾವುದ್ರುದು ಯಾವುದಕ್ಕಾದ್ರೂ ಕೂರುತ್ತೆ. ಶಿವಮೊಗ್ಗ, ದಾವಣಗೆರೆ, ಎಲ್ಲಾ ಕಡೆ ಸಿಗ್ತಿತ್ತಂತೆ. ತೀರಾ ಅಗ್ಗ.”

“ಬಿಚ್ಚು ಅದನ್ನ!” ರುದ್ರಮೂರ್ತಿ ಅರಚಿದ. “ನಮ್ಮಪ್ಪನ ಕ್ಯಾಮೆರಾಗೆ ಕಂಡೋರ ಲೆನ್ಸ್ ಹಾಕೋಕೆ ನೀನ್ಯಾರೇ? ನಡಿ ಆಚೆಗೆ, ಮಾರಲ್ಲ ನಾನು!”

ಹುಡುಗಿಯೇನೂ ಕಮ್ಮಿಯಿರಲಿಲ್ಲ. “ಬಾಯಿಗೆ ಬಂದಂಗೆ ಮಾತಾಡ್ಬೇಡಿ. ಕರೆಸ್ಕೊಂಡಿದ್ದು ನೀವು. ಮಾರದಿದ್ರೆ ನನ್ನ ಲೆನ್ಸ್ ಬಿಚ್ಚಿಕೊಡಿ, ಹೋಗ್ತೀನಿ” ಎಂದು ಎದ್ದು ನಿಂತಳು.

ಅವನು ಬಿಚ್ಚಲು ಹೋದ. ಆತುರದಲ್ಲಿ ಉಲ್ಟಾ ತಿರುಗಿಸಿ ಇನ್ನಷ್ಟು ಬಿಗಿ ಮಾಡಿದ. ಕಮಲಾಕ್ಷಮ್ಮ ಮುಂದೆ ಬಂದು ಕ್ಯಾಮೆರಾವನ್ನು ಅವನಿಂದ ಬಿಡಿಸಿಕೊಂಡು ಹುಡುಗಿಯ ಕೈಗಿಟ್ಟಳು. “ತಗೊಂಡು ಹೋಗವ್ವ. ಮಾತಾಡಿರೋ ದುಡ್ಡು ಹೊನ್ನೇಶನ ಅಂಗಡೀಲಿ ಕೊಟ್ಬಿಡು.”

ಹುಡುಗಿ ತಿರುಗಿ ನೋಡದೆ ಬಸ್ಸಿನ ಕಡೆ ಹೊರಟಳು. ರುದ್ರಮೂರ್ತಿ ಹೆಂಡತಿಯ ಕಡೆ ಕಣ್ಣು ಕೆಕ್ಕರಿಸಿದ. ಅವಳು ಹೆದರಲಿಲ್ಲ. ಅವಳ ಮುಖದಲ್ಲಿದ್ದದ್ದು ಸಿಟ್ಟು, ಇಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟು.

“ಮೈದುನನ ಮಗೂನ ಎತ್ಕೊಂಡು ಆಡಿಸ್ದೋಳು ನಾನು. ಇಪ್ಪತ್ತೆರಡು ವರ್ಷ ಆ ಮಗು ಮುಖ ನೋಡೋಕೂ ಬಿಡ್ಲಿಲ್ಲ ನೀವು. ಬಾಳು ತಿಂದ, ಬಾಳು ತಿಂದ ಅಂತ ದಿನಾ ಕೇಳ್ಕೊಂಡೆ. ಶಿವಮೊಗ್ಗ ಬಸ್ ದಿನಾ ಮನೆ ಮುಂದೇನೇ ಹೋಗ್ತಿತ್ತಲ್ರೀ! ಹತ್ತಿ ಹೋಗಿ ಒಂದ್ ಮಾತು ಕೇಳೋಕೆ ಏನಾಗಿತ್ತು ನಿಮಗೆ? ಇನ್ಮೇಲೆ ಯಾರನ್ನ ಬೈತೀರಿ?”

“ಅವನೇ... ಆ ತರೀಕೆರೆಯವನೇ...” ಎಂದು ರುದ್ರಮೂರ್ತಿ ಬಾಯಿ ತೆರೆದ. ಕಮಲಾಕ್ಷಮ್ಮ ಮುಂದಿನ ಮಾತು ಹೊರಡಲಿ ಎಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಯುತ್ತ ನಿಂತಳು.