ಬಾಗಿಲ ಕಂಬದ ಬಣ್ಣ

"ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಮ್ಮ ಗಾಡೀನ," ಎಂದು ವಾಹನ ತಪಾಸಣೆ ಕೇಂದ್ರದ ಇನ್ಸ್‌ಪೆಕ್ಟರು ಮತ್ತೊಮ್ಮೆ ಹೇಳಿದಾಗಲೂ ಅಕ್ಕ ಹಿಗ್ಗಿದಳು. ಹಿಗ್ಗದೆ ಏನು ಮಾಡಿಯಾಳು? ಒಂದು ವಾರ ದಿನಾ ಅಂಗಡಿ ಬಾಗಿಲು ಹಾಕಿದ ಮೇಲೆ ಉಜ್ಜಿದ್ದೇ ಉಜ್ಜಿದ್ದು. ಡ್ರೈ ಕ್ಲೀನಿಂಗ್ ಅಂಗಡಿ ನಡೆಸುವವಳಿಗೆ ಕಲೆ ಎಂದರೆ ಹಗೆ. ಅದು ಬಟ್ಟೆಯ ಮೇಲಿರಲಿ, ತಗಡಿನ ಮೇಲಿರಲಿ, ತೆಗೆಯುವ ತನಕ ಅವಳಿಗೆ ಸಮಾಧಾನವಿಲ್ಲ. ಈಗ ಬಂಪರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಇನ್ಸ್‌ಪೆಕ್ಟರು ಕಾರಿನ ಸುತ್ತ ನಡೆದು ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಒಳಗಿನ ಕೋಣೆಯಿಂದ ಇಬ್ಬರನ್ನು ಕರೆದು ತೋರಿಸಿದರು. ಸ್ಟಿಯರಿಂಗ್ ಹಿಡಿದು ಕೂತು ತಮ್ಮದೂ ಒಂದು ತೆಗೆಸಿಕೊಂಡರು.

ಹಿಂದುಗಡೆ ಹೊಗೆ ಅಳೆಯುವವನು ಸೈಲೆನ್ಸರಿನ ಬಾಯಿಗೆ ನಳಿಗೆ ತುರುಕಿ ಮೀಟರು ನೋಡುತ್ತಿದ್ದ. ಅಂಕಿ ಏರಿತು, ಇಳಿಯಿತು, ನಿಂತಿತು. "ಪಾಸ್ ಸರ್," ಎಂದ.

"ಪ್ರದರ್ಶನ ವರ್ಗಕ್ಕೆ ಹಾಕು," ಎಂದರು ಇನ್ಸ್‌ಪೆಕ್ಟರು.

ಅಕ್ಕನ ಹಿಗ್ಗು ಅಲ್ಲಿಗೇ ನಿಂತಿತು. "ಯಾವ ಪ್ರದರ್ಶನ ಸ್ವಾಮಿ?"

"ಇಷ್ಟು ಹಳೇ ಗಾಡಿ ಅಲ್ವಾಮ್ಮ. ಭಾನುವಾರ ಹೊರಗೆ ತರಬಹುದು, ಹಳೇ ಕಾರುಗಳ ಮೇಳಕ್ಕೆ ತರಬಹುದು. ಉಳಿದ ದಿನ ಶೆಡ್ಡಲ್ಲಿ ಆರಾಮಾಗಿ ಇರ್ಲಿ."

"ಇದು ದಿನಾ ಓಡೋ ಗಾಡಿ. ನಾನು ದಿನಬಳಕೆಗೆ ಅಂತ ಕೇಳಿದ್ದು. ನನ್ನ ತಮ್ಮನ್ನ ದಿನಾ ಕೆಲಸಕ್ಕೆ ಬಿಡ್ಬೇಕು."

"ದಿನಬಳಕೆಗೆ ಹೊಗೆ ಮಿತಿ ಬಿಗಿ ಇದೆಯಮ್ಮ. ಇದು ಅದಕ್ಕೆಲ್ಲ ನಿಲ್ಲಲ್ಲ. ಇಂಥದ್ದನ್ನ ಯಾರಾದ್ರೂ ದಿನಾ ಓಡಿಸ್ತಾರಾ? ನೋಡಿದ್ರೇ ಗೊತ್ತಾಗತ್ತೆ, ಶೋಕೇಸಲ್ಲಿ ಇಡೋ ಸಾಮಾನು."

"ಆ ಮಿತಿಗೆ ಅಳೆದು ನೋಡಿದ್ರಾ?"

"ಗೊತ್ತಿರೋದನ್ನ ಯಾಕೆ ಅಳೀಬೇಕು?"

"ಭಾನುವಾರ ಬಿಟ್ಟ ಹೊಗೆ ಹೊಗೆ ಅಲ್ವಾ ಹಾಗಾದ್ರೆ? ಸೋಮವಾರದ್ದು ಮಾತ್ರ ವಿಷಾನಾ?"

ಹೊಗೆಯವನು ಆಚೆ ತಿರುಗಿ ನಕ್ಕ. ಇನ್ಸ್‌ಪೆಕ್ಟರು ನಗಲಿಲ್ಲ. ಅಷ್ಟು ಹೊತ್ತು ಕಾರನ್ನು ಮುದ್ದಾಡಿದ ಮನುಷ್ಯ ಒಂದೇ ಗಳಿಗೆಯಲ್ಲಿ ಮೇಜಿನ ಹಿಂದಿನ ಮನುಷ್ಯರಾದರು. ಹಳೆಯ ಗಾಡಿಗಳನ್ನೆಲ್ಲ ಮತ್ತೆ ನೋಂದಾಯಿಸಬೇಕು ಎಂಬ ಹೊಸ ಕಾಯಿದೆಯನ್ನು ತಾವೇನೂ ಮಾಡಿದ್ದಲ್ಲ ಎಂದರು. ಅಕ್ಕನಿಗೆ ಮೈ ಉರಿಯಿತು. ಯಾರೂ ಮಾಡದ ಕಾಯಿದೆ ಆಕಾಶದಿಂದ ಉದುರಿತೇನು?

ಗೋಡೆಯ ಪಕ್ಕದ ಬೆಂಚಿನ ಮೇಲೆ ತಮ್ಮ ಊರುಗೋಲು ಹಿಡಿದು ಕೂತಿದ್ದ. ಅವನಿಗೂ ನಲವತ್ತು ದಾಟಿದೆ. ಚಿಕ್ಕಂದಿನ ಜ್ವರದಲ್ಲಿ ಹೋದ ಎಡಗಾಲು ಮಡಿಸಲು ಬಾರದು. ಸೊಂಟದಿಂದ ಪಾದದ ತನಕ ಕಬ್ಬಿಣದ ಪಟ್ಟಿ. ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರು. ಅವನ ದನಿಯನ್ನು ಅರ್ಧ ಊರು ಬಲ್ಲದು, ಕಾಲನ್ನು ಯಾರೂ ಅರಿಯರು. ಅದು ಅವನಿಗೆ ಬಲು ಇಷ್ಟ. ಈಗಿನ ಕಾರುಗಳಲ್ಲಿ ಅವನು ಕೂರಲಾರ. ಬಾಗಿಲು ಕಿರಿದು, ಸೀಟು ಗುಳಿ. ಇಬ್ಬರು ಹಿಡಿದೆತ್ತಿ ಒಳಗೆ ತಳ್ಳಬೇಕು. ಅಪ್ಪ ಕೊಂಡಿದ್ದ ಈ ಕಾರಿನ ಬಾಗಿಲು ಅಗಲ, ಮುಂದಿನ ಸೀಟು ಆ ಕಡೆಯಿಂದ ಈ ಕಡೆಗೆ ಮಟ್ಟಸವಾಗಿ ಒಂದೇ. ಊರುಗೋಲನ್ನು ಒಳಗೆ ಹಾಕಿ, ಬಾಗಿಲ ಪಕ್ಕದ ತಗಡಿನ ಕಂಬಕ್ಕೆ ಅಂಗೈ ಕೊಟ್ಟು, ಬೆನ್ನು ತಿರುಗಿಸಿ ಕೂತು, ಹಾಗೇ ಹಿಂದಕ್ಕೆ ಸರಿದರೆ ಕಾಲೂ ಒಳಗೆ ಬಂತು. ಯಾರ ಹಂಗೂ ಬೇಕಿಲ್ಲ. ಅವನು ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದ. ದೊಡ್ಡಮ್ಮ ಶೋಕೇಸಿಗೆ ಹೋದರೆ ತಮ್ಮ ದಿನಾ ಕಂಡವರ ಕೈಗೆ.

"ದಿನಬಳಕೆಗೇ ಬೇಕು ಅಂದ್ರೆ ಹೊಸದಾಗಿ ಸರದಿ ತಗೊಂಡು ಬನ್ನಿ," ಎಂದರು ಇನ್ಸ್‌ಪೆಕ್ಟರು. "ಎರಡು ವಾರ ಆಗತ್ತೆ. ಇವತ್ತು ಮನೆಗೆ ತಗೊಂಡು ಹೋಗಿ. ಆಮೇಲೆ ರಸ್ತೆಗೆ ಇಳಿಸೋ ಹಾಗಿಲ್ಲ."

ಅಕ್ಕ ಇನ್ನೂ ಏನೋ ಅನ್ನುವವಳಿದ್ದಳು. ತಮ್ಮ ಎದ್ದ. "ಬಾ ಅಕ್ಕ, ನಂಗೆ ಡ್ಯೂಟಿ ಇದೆ," ಎಂದು ಕಾರಿನ ಕಡೆ ನಡೆದ. ಊರುಗೋಲನ್ನು ಒಳಗೆ ಹಾಕಿದ, ಬಾಗಿಲ ಕಂಬಕ್ಕೆ ಅಂಗೈ ಕೊಟ್ಟ, ಬೆನ್ನು ತಿರುಗಿಸಿದ. ಕೈ ಸರ್ರನೆ ಜಾರಿತು. ಅವನು ಎಣ್ಣೆ ಇಂಗಿದ ಸಿಮೆಂಟಿನ ನೆಲದ ಮೇಲೆ ಕೂತುಬಿಟ್ಟ. ಕಬ್ಬಿಣದ ಕಾಲು ನೆಲಕ್ಕೆ ಬಡಿದ ಸದ್ದಿಗೆ ಸರದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಓಡಿ ಬಂದವರು ಒಬ್ಬಿಬ್ಬರಲ್ಲ. ಒಬ್ಬ ಕಂಕುಳಿಗೆ ಕೈ ಹಾಕಿದ, ಒಬ್ಬ ಸೊಂಟ ಹಿಡಿದ, ಇನ್ನೊಬ್ಬ ಕೇಳದೆ ಕಾಲನ್ನೇ ಎತ್ತಿಕೊಂಡ. ಸೀಟಿನ ಮೇಲೆ ಇಟ್ಟರು. ಯಾರೋ ಮೇಲಕ್ಕೆ ಸರಿದಿದ್ದ ಅವನ ಅಂಗಿಯನ್ನು ಕೆಳಗೆಳೆದು ಸರಿಮಾಡಿದರು, ಮಗುವಿಗೆ ಮಾಡಿದ ಹಾಗೆ. "ಥ್ಯಾಂಕ್ಸ್," ಎಂದ ತಮ್ಮ, ಆಸ್ಪತ್ರೆಯ ಫೋನಿನಲ್ಲಿ ಮಾತಾಡುವ ದನಿಯಲ್ಲಿ.

"ನೋಡಿದ್ರಾಮ್ಮ, ಇವರಿಗೆ ಈ ಗಾಡಿ ಸರಿ ಹೋಗಲ್ಲ," ಎಂದರು ಇನ್ಸ್‌ಪೆಕ್ಟರು, ನಿಜವಾದ ಮರುಕದಿಂದ. "ಲಿಫ್ಟ್ ಇರೋ ವ್ಯಾನ್ ಸಿಗತ್ತೆ. ಸಾಮಾನು ಏರಿಸೋ ಥರ ಸಲೀಸಾಗಿ ಏರಿಸಿಬಿಡತ್ತೆ."

ಇನ್ಸ್‌ಪೆಕ್ಟರಿಗೆ ಕೊಡಬೇಕಾದ ಉತ್ತರ ಅಕ್ಕನ ಕಡೆಗೇ ತಿರುಗಿತ್ತು. ಆ ಕಂಬದ ಮೇಲೆ, ವರ್ಷಗಟ್ಟಲೆ ತಮ್ಮ ಅಂಗೈ ಕೊಟ್ಟು ಕೊಟ್ಟು, ಬಣ್ಣ ಹೋಗಿ ತಗಡು ಕಾಣುತ್ತಿತ್ತು. ಕಾರಿನ ಮೈಮೇಲೆ ಅಷ್ಟು ಅಸಹ್ಯವಾದ ಜಾಗ ಬೇರೊಂದಿರಲಿಲ್ಲ. ಪೇಂಟರನ್ನು ಕರೆಸಿ ಅದಕ್ಕೆ ಬಣ್ಣ ಹೊಡೆಸಿದವಳು ಅವಳೇ, ಮೇಲೆ ಪಾಲಿಶ್ ಹಚ್ಚಿದವಳೂ ಅವಳೇ. ಬೆಳಿಗ್ಗೆ ಮನೆ ಮುಂದೆ, "ಹೊಸ ಬಣ್ಣ, ಕೈ ಇಡಬೇಡ ಮಾರಾಯ," ಎಂದು ತಾನೇ ಅವನ ರಟ್ಟೆ ಹಿಡಿದು ಕೂರಿಸಿದ್ದಳು.

ದಾರಿಯಲ್ಲಿ ಸಿಗ್ನಲ್ಲಿಗೆ ನಿಂತಾಗ ಅವಳೇ ಬಾಯಿಬಿಟ್ಟಳು. "ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ದೆ. ಅದೊಂದು ಬಿಡು ಅಂದಿದ್ದೆ. ನೀನು, ಅಪ್ಪನ ಗಾಡಿ ಭಿಕಾರಿ ಥರ ಹೋಗೋದು ಬೇಡ ಅಂದೆ."

"ಅಷ್ಟು ದೊಡ್ಡ ಕಲೆ ಇಟ್ಕೊಂಡು ಹೋದ್ರೆ ಏನಂತಾರೆ ಅಂತ."

"ಕಲೆ ಅಲ್ಲ ಅಕ್ಕ. ನಾನು ಹಿಡ್ಕೊಳ್ಳೋ ಜಾಗ."

ಎರಡು ವಾರ ತಮ್ಮ ಬಾಡಿಗೆ ಕಾರಿನಲ್ಲಿ ಹೋಗಿಬಂದ. ದಿನಕ್ಕೊಬ್ಬ ಡ್ರೈವರು. ಒಬ್ಬ ಎತ್ತುವ ಮೊದಲು ಎಷ್ಟು ಕೆಜಿ ಇದ್ದೀರಾ ಸರ್ ಎಂದು ಕೇಳಿದ. ಒಬ್ಬ ಪಟ್ಟಿ ತಾಗಿ ಸೀಟು ಹರಿದೀತೆಂದು ಗೋಣಿ ಹಾಸಿದ. ಮತ್ತೊಬ್ಬ ಬಲು ಒಳ್ಳೆಯವನು, ದಾರಿಯುದ್ದಕ್ಕೂ ಅವನೊಡನೆ ಮಾತಾಡುವ ಬದಲು ಅಕ್ಕನ ಫೋನಿಗೇ ಕರೆ ಮಾಡಿ, "ನಿಮ್ಮವರು ಹುಷಾರಾಗಿದ್ದಾರೆ ಮೇಡಂ," ಎನ್ನುತ್ತಿದ್ದ. ಅಕ್ಕ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಧಡಾರನೆ ಇಡುತ್ತಿದ್ದಳು. ಯಾರ ಮೇಲೆ ಸಿಟ್ಟು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಎಲ್ಲರ ಮೇಲೂ ಇತ್ತು, ಅವಳ ಮೇಲೆಯೇ ಹೆಚ್ಚು. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ ಕಾರ್ಬುರೇಟರು ಬಿಚ್ಚಿಸಿದಳು. ಬಿಗಿ ಮಿತಿ ಕೇಳಿ ಅವನು ತಲೆ ಕೆರೆದುಕೊಂಡ. "ಆ ಮಿತಿಗೆ ನಿಲ್ಲಿಸ್ತೀನಮ್ಮ. ಆದ್ರೆ ಇಂಜಿನ್ ಬಿಸಿ ಇದ್ದಾಗ ಮಾತ್ರ. ತಣ್ಣಗಾದ್ರೆ ನಾನು ಜವಾಬ್ದಾರಿ ಅಲ್ಲ," ಎಂದ.

ಸರದಿಯ ಹಿಂದಿನ ದಿನ, ತಮ್ಮ ಕೆಲಸ ಮುಗಿಸಿ ಬಂದವನೇ ಅಂಗಳದಲ್ಲಿ ನಿಂತ. ಅಕ್ಕ ಕಾರಿನ ಬಾಗಿಲು ತೆರೆದು ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಉಪ್ಪುಕಾಗದ.

"ಕೈ ಇಡು," ಎಂದಳು.

"ಎಲ್ಲಿ?"

"ನಂಗೇನು ಗೊತ್ತು? ನೀನು ಹತ್ತೋ ಹಾಗೆ ಹತ್ತು. ಜಾರಿದ್ರೆ ನಾನಿದ್ದೀನಿ."

ಅವನು ಬೆನ್ನು ತಿರುಗಿಸಿದ. ಕೈ ನೋಡದೆಯೇ ಹೋಗಿ ಕಂಬಕ್ಕೆ ಅಂಟಿತು. ಅಕ್ಕ ಜೇಬಿನಿಂದ ಸೀಮೆಸುಣ್ಣ ತೆಗೆದಳು. ಗಿರಾಕಿಗಳ ಬಟ್ಟೆಯ ಮೇಲೆ ಕಲೆ ಇರುವ ಕಡೆ ಸುತ್ತು ಹಾಕುವ ಸುಣ್ಣ ಅದು. ಅದರಲ್ಲಿ ಅವನ ಅಂಗೈಯ ಸುತ್ತ, ಬೆರಳ ಸಂದಿಗಳಲ್ಲೂ, ಗೆರೆ ಎಳೆದಳು. ಅವನು ಕೈ ತೆಗೆದ ಮೇಲೆ ಉಪ್ಪುಕಾಗದದಲ್ಲಿ ಕೆರೆಯತೊಡಗಿದಳು. ಪೇಂಟರು ಒಳ್ಳೆಯ ಕೆಲಸಗಾರ, ಬಣ್ಣ ಸುಲಭಕ್ಕೆ ಬಿಡಲಿಲ್ಲ. ಮೊದಲು ಹೊಳಪು ಹೋಯಿತು, ಆಮೇಲೆ ಬಣ್ಣ, ಅದರಡಿಯ ಬೂದು ಪ್ರೈಮರು, ಕೊನೆಗೆ ತಗಡು. ಅವಳ ಮೂಗಿನ ತುದಿಯಲ್ಲಿ ಬೆವರು ನಿಂತಿತ್ತು. ತಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. "ಹೆಬ್ಬೆರಳ ಹತ್ತಿರ ಇನ್ನೊಂಚೂರು," ಎಂದ.

ಮಾರನೆಯ ದಿನ ಅಕ್ಕ ಬಕೆಟ್ಟು ಮುಟ್ಟಲಿಲ್ಲ. ಎರಡು ವಾರದ ಧೂಳು ಹಾಗೇ ಇತ್ತು. ಹಿಂದಿನ ಸೀಟಿನಲ್ಲಿ ಗಿರಾಕಿಗಳ ಬಟ್ಟೆಯ ಗಂಟು, ಹ್ಯಾಂಗರುಗಳು, ತಮ್ಮನ ಹಳೆಯ ಊರುಗೋಲು. ತಪಾಸಣೆ ಕೇಂದ್ರದ ಸರದಿಯಲ್ಲಿ ಕಾವಲುಗಾರ ಕಿಟಕಿ ತಟ್ಟಿ, "ಇಂಜಿನ್ ಆಫ್ ಮಾಡಿ, ರೂಲ್ಸು," ಎಂದ.

"ತಣ್ಣಗಾದ್ರೆ ಹೊಗೆ ಜಾಸ್ತಿ. ಮಾಡಲ್ಲ."

"ಎಲ್ರೂ ಮಾಡಿದ್ದಾರೆ ಮೇಡಂ."

"ಎಲ್ಲರ ಗಾಡೀನೂ ನನ್ನ ಗಾಡಿನಾ? ಬೇಕಾದ್ರೆ ನಿಮ್ಮ ಸಾಹೇಬರನ್ನ ಕರೀರಿ. ಅಲ್ಲೀತನಕ ಉರೀತಾನೇ ಇರತ್ತೆ."

ಅವನು ಅವಳ ಮುಖ ನೋಡಿದ, ಸಾಹೇಬರನ್ನು ಕರೆಯಲಿಲ್ಲ.

ಹೊಗೆಯವನು ನಳಿಗೆ ತುರುಕಿದ. ಈ ಸಲ ಅವನೇ ಕೂಗಿ ಹೇಳಿದ, "ದಿನಬಳಕೆ ಮಿತಿಗೆ ಸರ್." ಅಂಕಿ ಮಿತಿ ದಾಟಿ ಮೇಲಕ್ಕೆ ಹೋಗಿ ಅಲ್ಲೇ ಕೂತಿತು. "ಆಕ್ಸಿಲರೇಟರ್ ಮುಟ್ಟಬೇಡಿ ಅಕ್ಕ, ಹಂಗೇ ಇರ್ಲಿ," ಎಂದ ಮೆಲ್ಲಗೆ. ಅಕ್ಕ ಕಾಲನ್ನು ಪೂರ್ತಿ ಹಿಂದಕ್ಕೆ ತೆಗೆದಳು. ದೊಡ್ಡಮ್ಮ ಒಂದು ಸಲ ಕೆಮ್ಮಿ ಉಸಿರು ಸರಿಮಾಡಿಕೊಂಡಳು. ಅಂಕಿ ಇಳಿಯುತ್ತ ಬಂದು ಮಿತಿಯ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು.

ಇನ್ಸ್‌ಪೆಕ್ಟರು ನಂಬಲಿಲ್ಲ, ಮತ್ತೆ ಅಳೆಸಿದರು. ಮತ್ತೆ ಅಷ್ಟೇ ಬಂತು. ಕಾರಿನ ಸುತ್ತ ನಡೆಯುತ್ತ ಬಂದು ಬಾಗಿಲ ಹತ್ತಿರ ನಿಂತುಬಿಟ್ಟರು.

"ಇದೇನಮ್ಮ ಇದು. ಎಂಥಾ ಬಣ್ಣ, ಕೆರೆದು ಹಾಳು ಮಾಡಿದ್ದಾರಲ್ಲ. ಯಾರು ಮಾಡಿದ್ದು?"

ಅವರ ಮುಖದಲ್ಲಿ ನೋವಿತ್ತು. ತಮ್ಮ ನೆಲಕ್ಕೆ ಬಿದ್ದ ದಿನ ಆ ಮುಖ ಇಷ್ಟು ಕುಗ್ಗಿರಲಿಲ್ಲ ಎಂಬುದನ್ನು ಅಕ್ಕ ಮರೆತಿರಲಿಲ್ಲ.

"ನಾನೇ," ಎಂದಳು. "ದಿನಬಳಕೆ ಅಂತ ಬರೀರಿ ಸ್ವಾಮಿ, ಹೊತ್ತಾಯ್ತು."

ಬರೆದರು, ಮುದ್ರೆ ಒತ್ತಿದರು. ತಮ್ಮ ಬೆಂಚಿನಿಂದ ಎದ್ದು ಬಂದ. ಅಕ್ಕ ಅವನತ್ತ ಹೋಗಲಿಲ್ಲ. ಸೀದಾ ಸ್ಟಿಯರಿಂಗ್ ಮುಂದೆ ಕೂತು ಎದುರಿನ ರಸ್ತೆಯನ್ನು ದಿಟ್ಟಿಸಿದಳು. ಅವನತ್ತ ತಿರುಗದಿರಲು ಅವಳು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಬೇಕಾಯಿತು.

"ಬನ್ನಿ ಸರ್, ನಾನು ಹಿಡ್ಕೋತೀನಿ," ಎಂದು ಇನ್ಸ್‌ಪೆಕ್ಟರು ಕೈ ಚಾಚಿದರು.

ತಮ್ಮ ಊರುಗೋಲನ್ನು ಒಳಗೆ ಹಾಕಿದ. ಅಂಗೈ ಬರಿಯ ತಗಡಿಗೆ ಹೋಗಿ ಕಚ್ಚಿಕೊಂಡಿತು. ಸೀಟಿನ ಸ್ಪ್ರಿಂಗು ಕಿರುಗುಟ್ಟಿತು, ಅವನು ಹಿಂದಕ್ಕೆ ಸರಿದ, ಕಾಲು ಒಳಗೆ ಬಂತು. ಇನ್ಸ್‌ಪೆಕ್ಟರ ಕೈ ಇನ್ನೂ ಚಾಚಿಕೊಂಡೇ ಇತ್ತು.

"ಸ್ವಲ್ಪ ಸರೀರಿ ಸರ್," ಎಂದ ತಮ್ಮ ಫೋನಿನ ದನಿಯಲ್ಲಿ. "ಬಾಗಿಲು ಹಾಕ್ಕೋಬೇಕು."

ಅವರು ಸರಿದರು. ತಮ್ಮ ಬಾಗಿಲನ್ನು ಎಳೆದುಕೊಂಡ.